ಎಡಗೆನ್ನೆಗೆ ಬಿಸಿಲು ತಾಗದ ಹಾಗೆ

ಅರುವತ್ತು ದಾಟಿದ ಗಂಡಸು ಮುಖದ ಕಲೆ ತೆಗೆಸಲು ಲೇಸರ್ ಚಿಕಿತ್ಸೆಗೆ ಹೋಗುತ್ತೇನೆಂದರೆ ನಮ್ಮ ಕಡೆ ನಗದೆ ಇರುವವರು ಕಡಿಮೆ. ನಕ್ಕವರಲ್ಲಿ ಮೊದಲಿಗಳು ನಾನೇ. ಒಂದು ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ನಮ್ಮವರು ಆ ಮಾತು ಎತ್ತಿದಾಗ, "ಎಂತ, ಇನ್ನೊಂದು ಹೆಣ್ಣು ನೋಡ್ಲಿಕ್ಕೆ ಹೋಗುದುಂಟಾ?" ಎಂದು ಕೇಳಿಬಿಟ್ಟೆ.

ಅವರು ಲೋಟವನ್ನು ಬಾಯಿಯ ಬಲ ಮೂಲೆಗೆ ಹಿಡಿದು, ಎಡ ಮೂಲೆಯಿಂದ ಸೋರದ ಹಾಗೆ ಬೆರಳು ಅಡ್ಡ ಇಟ್ಟುಕೊಂಡು ಕಾಫಿ ಮುಗಿಸಿದರು. ಆಮೇಲೆ ನೆಲ ನೋಡುತ್ತಾ ಹೇಳಿದರು. "ಮಗು ನನ್ನ ಮುಖ ನೋಡಿ ಕೂಗ್ತದೆ ಮಾರಾಯ್ತಿ."

ಕೂಗುವುದು ಅಂದರೆ ನಮ್ಮಲ್ಲಿ ಅಳುವುದು, ಮಗು ಅಂದರೆ ನಮ್ಮ ಮಗಳ ಮಗಳು. ಮತ್ತೆ ನಾನು ನಗಲಿಲ್ಲ.

ಇವರು ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತಲೆ ಕಪ್ಪಿದ್ದಾಗ ಹತ್ತಿದ ಬಸ್ಸಿನಿಂದ ತಲೆ ಬೆಳ್ಳಗಾದ ಮೇಲೆ ಇಳಿದರು. ಅವರ ಸಂಪಾದನೆಯೆಲ್ಲ ಬಾಯಿಯದ್ದು ಎಂದು ನಾನು ತಮಾಷೆ ಮಾಡುವುದಿತ್ತು. ಬಾಯಿಯಲ್ಲಿ ಊರಿನ ಹೆಸರು, ಬಾಯಿಯಲ್ಲೇ ಸಿಳ್ಳೆ. ಪೀಪಿ ಇಟ್ಟುಕೊಂಡು ಊದುವ ಕಂಡಕ್ಟರುಗಳಿದ್ದರು, ಇವರಿಗೆ ಅದರ ಅಗತ್ಯ ಬೀಳಲಿಲ್ಲ. ತುಟಿ ಚೂಪು ಮಾಡಿ ಒಂದು ಸಿಳ್ಳೆ ಹೊಡೆದರೆ ಬಸ್ಸು ನಿಲ್ಲುತ್ತಿತ್ತು, ಎರಡು ಹೊಡೆದರೆ ಹೊರಡುತ್ತಿತ್ತು.

ಆ ಕಸುಬನ್ನು ಮನೆಗೂ ತಂದಿದ್ದರು. ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೆ ಊದುವುದು ಎಲ್ಲ ಮನೆಯಲ್ಲೂ ಉಂಟು. ಇವರು ಊದುವುದಕ್ಕೆ ಒಂದು ಮಂತ್ರ ಮಾಡಿಕೊಂಡಿದ್ದರು. ನಮ್ಮ ಮಗಳು ಸಣ್ಣವಳಿದ್ದಾಗ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ದೊಡ್ಡ ಭಟ್ಟರ ಗಾಂಭೀರ್ಯದಲ್ಲಿ, "ಪುತ್ತೂರು" ಎಂದು ಒಂದು ಸಲ ಊದುವುದು. "ನರಿಮೊಗರು" ಎಂದು ಇನ್ನೊಂದು ಸಲ. ಸವಣೂರು, ಕಾಣಿಯೂರು, ನಿಂತಿಕಲ್ಲು, ಪಂಜ. ಸುಬ್ರಹ್ಮಣ್ಯ ಮುಟ್ಟಿದ ಕೂಡಲೇ ಒಂದು ಸಿಳ್ಳೆ. ಸಿಳ್ಳೆ ಆಯಿತೆಂದರೆ ಕೊನೆಯ ಸ್ಟಾಪು ಬಂತು, ನೋವು ಇಳಿದು ಹೋಗಬೇಕು. ಮಗಳು ನಿಜವಾಗಿಯೂ ಅಳು ನಿಲ್ಲಿಸಿ ಕಣ್ಣೊರೆಸಿಕೊಂಡು ಓಡುತ್ತಿದ್ದಳು. ಅಕ್ಕಪಕ್ಕದ ಮನೆಯ ಮಕ್ಕಳೂ ಗಾಯ ಹಿಡಿದುಕೊಂಡು ನಮ್ಮ ಗೇಟಿಗೆ ಬರುವುದಿತ್ತು. ಕೆಲವು ಗಾಯಗಳನ್ನು ಭೂತಕನ್ನಡಿ ಹಾಕಿ ಹುಡುಕಬೇಕಾಗಿತ್ತು.

ಮಗಳನ್ನು ಕೊಲ್ಲಮೊಗ್ರಿಗೆ ಮದುವೆ ಮಾಡಿ ಕೊಟ್ಟೆವು. ಸುಬ್ರಹ್ಮಣ್ಯದಿಂದ ಆಚೆ, ಕಾಡಿನ ಅಂಚಿನ ಊರು. ಅವಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಆ ತಿಂಗಳುಗಳಲ್ಲಿ ತೊಟ್ಟಿಲು ತೂಗಿದ್ದು ನಾನಲ್ಲ, ಅಜ್ಜನೇ. ಬಾಯಿಗೆ ಬಂದ ಹಾಡಿಗೆ ಸಿಳ್ಳೆ ಹಾಕುತ್ತಾ ತೂಗುತ್ತಿದ್ದರು, ಮಗು ಕಣ್ಣು ಪಿಳಿಪಿಳಿ ಮಾಡಿ ಆ ಸದ್ದು ಬರುವ ಜಾಗವನ್ನೇ ನೋಡುತ್ತಿತ್ತು. ಮಗುವನ್ನು ಕಳಿಸಿಕೊಟ್ಟ ದಿನ ಮನೆ ಬಿಕೋ ಎಂದಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಸಣ್ಣ ಟೊಪ್ಪಿ ಉಳಿದುಹೋಗಿತ್ತು. ಇವರು ಅದನ್ನು ಒಣಗಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಅದೇ ಬೇಸಿಗೆಯಲ್ಲಿ ಮುಖ ಸುಟ್ಟುಕೊಂಡದ್ದು. ಬೆಟ್ಟಂಪಾಡಿಯ ನನ್ನ ತವರಿನಿಂದ ಬಲಿತ ಹಲಸಿನಕಾಯಿ ಬಂದಿತ್ತು, ಹಿತ್ತಲಲ್ಲಿ ಒಲೆ ಹೂಡಿ ಸೋಂಟೆ ಕರಿಯಲು ಕೂತಿದ್ದೆವು. ಸೊಳೆಯನ್ನು ಉದ್ದುದ್ದ ಸಿಗಿದು ತೆಂಗಿನೆಣ್ಣೆಯಲ್ಲಿ ಕರಿದರೆ ಸೋಂಟೆ. ನಮ್ಮಲ್ಲಿ ಅದಕ್ಕೆ ಉಪ್ಪನ್ನು ಮೇಲಿನಿಂದ ಉದುರಿಸುವ ಕ್ರಮ ಇಲ್ಲ. ಅರ್ಧ ಗರಿಗರಿಯಾಗುವಾಗ ಕುದಿಯುವ ಎಣ್ಣೆಗೇ ಉಪ್ಪು ನೀರು ಚಿಮುಕಿಸುವುದು. ಎಣ್ಣೆ ಒಮ್ಮೆ ಭೋರೆಂದು ಎದ್ದು ಸಿಡಿದು ತಣ್ಣಗಾಗುತ್ತದೆ. ಚಿಮುಕಿಸಿದವರು ಮುಖ ತಿರುಗಿಸಿ ಹಿಂದೆ ಸರಿಯಬೇಕು. ಇದನ್ನು ಇಲ್ಲಿ ಯಾರಿಗೂ ಯಾರೂ ಕಲಿಸುವುದಿಲ್ಲ, ನೋಡಿಯೇ ಗೊತ್ತು. ಇವರಿಗೂ ಗೊತ್ತಿತ್ತು. ಆದರೆ ಬಲಗಿವಿಯಲ್ಲಿ ಫೋನು, ಫೋನಿನಲ್ಲಿ ಮಗಳು. ಮಗುವಿಗೆ ಹಲ್ಲು ಬಂತಾ, ಸೋಂಟೆ ಕಳಿಸುತ್ತೇನೆ, ನೀರಲ್ಲಿ ನೆನೆಸಿ ಚೀಪಲಿಕ್ಕೆ ಕೊಡು, ಎಂದೆಲ್ಲ ಹೇಳುತ್ತಾ ಉಪ್ಪು ನೀರಿನ ಲೋಟವನ್ನೇ ಬಾಣಲೆಗೆ ಬಗ್ಗಿಸಿದರು. ಹಿಂದೆ ಸರಿಯಲಿಲ್ಲ.

ಎಡಗೆನ್ನೆಯಿಂದ ಬಾಯಿಯ ಮೂಲೆಯವರೆಗೆ ಎಣ್ಣೆ ಬಿತ್ತು. ಅದರ ಮೇಲೆ ಔಷಧಿಗಳೂ ಬಿದ್ದವು. ನನ್ನ ಅತ್ತಿಗೆ ಬಸಳೆ ಎಲೆ ಜಜ್ಜಿ ತಂದರು, ಪಕ್ಕದ ಮನೆಯವರು ಜೇನು, ಇನ್ಯಾರೋ ಹಲ್ಲುಜ್ಜುವ ಪೇಸ್ಟು. ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕಾಯಿತು. "ಇದು ಮುಖವಾ, ಅಡುಗೆ ಕೋಣೆಯಾ?" ಎಂದು ಕೇಳಿದರಂತೆ. ನಾನು ಆಗ ಹೊರಗೆ ಗೋಡೆ ಹಿಡಿದುಕೊಂಡು ನಿಂತಿದ್ದೆ. ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದ ಮೇಲೆಯೇ ನಾನು ಒಳಗೆ ಹೋದದ್ದು.

ಗಾಯ ಒಣಗಿತು. ಆದರೆ ಒಣಗಿದ ಜಾಗದಲ್ಲಿ ಚರ್ಮ ದಪ್ಪವಾಗಿ, ಕೆಂಪಾಗಿ, ಹುರಿ ಹಾಕಿದ ಹಗ್ಗದ ಹಾಗೆ ಎದ್ದು ನಿಂತಿತು. ಅದು ತುಟಿಯ ಮೂಲೆಯನ್ನು ಕೆಳಗೆ ಎಳೆದು ಹಿಡಿಯಿತು. ನಕ್ಕರೆ ಬಲಗಡೆ ಮಾತ್ರ ನಗು. ಊದಿದರೆ ಗಾಳಿ ಪಕ್ಕಕ್ಕೆ ಹೋಗುತ್ತಿತ್ತು. ಸಿಳ್ಳೆ ಪೂರ್ತಿ ನಿಂತಿತು. "ಬಸ್ಸು ಓಡ್ತದಲ್ಲ, ಹಾರ್ನ್ ಹೋದ್ರೆ ಹೋಗ್ಲಿ" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಬೇರೆ ಎಂತ ಮಾಡುವುದು.

ಗಾಯ ಒಣಗಿದ ಮೇಲೆ ಮೊದಲ ಸಲ ಕೊಲ್ಲಮೊಗ್ರಿಗೆ ಹೋದೆವು. ಮಗು ಆಗ ಅಂಬೆಗಾಲಿಡುತ್ತಿತ್ತು, ಯಾರು ತನ್ನವರು ಯಾರು ಅಲ್ಲ ಎಂದು ಗುರುತಿಸುವ ವಯಸ್ಸು. ಇವರು ಕೈಕಾಲು ತೊಳೆದು, ಕಿಸೆಯಿಂದ ಆ ಸಣ್ಣ ಟೊಪ್ಪಿ ತೆಗೆದು ಹಿಡಿದು, ಎರಡೂ ಕೈ ಚಾಚಿದರು. ಮಗು ಮುಖ ನೋಡಿತು. ಒಂದು ಕ್ಷಣ ಸುಮ್ಮನಿದ್ದು, ಉಸಿರು ಕಟ್ಟಿದ ಹಾಗೆ ಆಗಿ, ಕಿರುಚಿ ಅತ್ತಿತು. ಮಗಳ ಕುತ್ತಿಗೆ ಹಿಡಿದುಕೊಂಡು ಮುಖ ಒಳಗೆ ಹುದುಗಿಸಿತು. ಎರಡು ದಿನ ಇದ್ದೆವು, ಎರಡು ದಿನವೂ ಅಜ್ಜ ಎದುರು ಬಂದರೆ ಅದೇ ಅಳು. ಬೀಗರು ಒಳ್ಳೆಯವರು, "ಅಭ್ಯಾಸ ಆಗ್ತದೆ ಬಿಡಿ" ಎಂದರು. ಇವರು ಹೆಚ್ಚಿನ ಹೊತ್ತು ಹಟ್ಟಿಯಲ್ಲಿ ದನಗಳ ಹತ್ತಿರ ಕೂತಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ತಾನು ದಿನಾ ಕೂಗಿ ಹೇಳುತ್ತಿದ್ದ ಊರುಗಳನ್ನು ಕಿಟಕಿಯಿಂದ ನೋಡುತ್ತಾ ಕೂತಿದ್ದರು.

ಅದರ ನಂತರ ಬಂದದ್ದು ಈ ಲೇಸರಿನ ಮಾತು. ನಮ್ಮ ಪೇಟೆಯಲ್ಲೇ ಈಗ ಆ ಮಿಶಿನು ಉಂಟು. ಚರ್ಮದ ಡಾಕ್ಟರು ನನ್ನ ಮಗಳ ಪ್ರಾಯದ ಹುಡುಗಿ. ಕೆನ್ನೆಯನ್ನು ಬೆರಳಿನಿಂದ ಒತ್ತಿ, ಹಿಂಡಿ, ಬಾಯಿ ತೆರೆಸಿ ಮುಚ್ಚಿಸಿ ನೋಡಿದರು. "ಅಜ್ಜ, ಕಲೆ ಪೂರಾ ಹೋಗುದಿಲ್ಲ. ಈಗಲೇ ಹೇಳ್ತೇನೆ. ದಪ್ಪ ಇಳೀತದೆ, ಕೆಂಪು ಕಮ್ಮಿ ಆಗ್ತದೆ, ಚರ್ಮ ಸ್ವಲ್ಪ ಸಡಿಲ ಆಗ್ತದೆ. ಒಂದೇ ಸಲಕ್ಕೆ ಆಗುದಲ್ಲ, ಬಿಟ್ಟು ಬಿಟ್ಟು ಬರಬೇಕು" ಎಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ. "ಸಣ್ಣ ಮಕ್ಕಳು ಹೆದರದಷ್ಟು ಆಗ್ತದಾ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಇವರ ಮುಖ ನೋಡಿದರು. "ಪ್ರಯತ್ನ ಮಾಡುವ" ಎಂದರು. ಆ ಹುಡುಗಿಯ ಮೇಲೆ ನನಗೆ ಆಗಲೇ ಪ್ರೀತಿ ಬಂತು.

ಮೊದಲು ಮರಗಟ್ಟುವ ಮುಲಾಮು ಹಚ್ಚಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂರಿಸಿದರು. ಮುಖದ ಅರ್ಧಕ್ಕೆ ಪ್ಲಾಸ್ಟಿಕ್ ಅಂಟಿಸಿಕೊಂಡು, ಕೈ ಮಡಿಚಿ ಮರ್ಯಾದೆಯಿಂದ ಕೂತ ಗಂಡನನ್ನು ನೋಡಿ ನನಗೆ ನಗು ತಡೆಯಲಿಕ್ಕೆ ಸೆರಗು ಬಾಯಿಗೆ ತುರುಕಬೇಕಾಯಿತು. ಆಮೇಲೆ ಡಾಕ್ಟರು ಇವರನ್ನು ಒಳಗೆ ಮಲಗಿಸಿ, ಕಣ್ಣು ಮುಚ್ಚಿಸಿ, ಆ ಮಿಶಿನಿನ ಪೆನ್ನಿನಂಥದ್ದನ್ನು ಕೆನ್ನೆಯ ಮೇಲೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರಂತೆ. ಟಿಕ್ ಟಿಕ್ ಎಂದು ಸದ್ದು. ಹೊರಗೆ ಕೂತ ನನಗೂ ಕೂದಲು ಸುಟ್ಟ ವಾಸನೆ ಬಂತು. ನನ್ನ ನಗು ಅಲ್ಲಿಗೆ ನಿಂತಿತು. ಒಮ್ಮೆ ಸುಟ್ಟ ಕೆನ್ನೆಯನ್ನು ಇನ್ನೊಮ್ಮೆ ಸುಡಿಸಿಕೊಳ್ಳಲು ತಾನಾಗಿ ಹೋಗಿ ಮಲಗಿದ್ದಾರೆ, ಅದೂ ಒಂದು ಗೇಣುದ್ದದ ಮಗುವಿಗಾಗಿ. ನೋವಾಯಿತಾ ಎಂದು ಕೇಳಿದರೆ, "ಎಣ್ಣೆ ಸಿಡಿದ ಹಾಗೆಯೇ, ಆದ್ರೆ ಸಣ್ಣ ಸಣ್ಣ" ಎಂದರು.

ಹೊರಡುವ ಮೊದಲು ಪಥ್ಯದ ಮಾತು ಬಂತು. ಗಾಯವಾದವರು ನಂಜಿನ ಪದಾರ್ಥ ತಿನ್ನಬಾರದು ಎಂಬುದು ನಮ್ಮಲ್ಲಿ ಅಲುಗಾಡದ ನಂಬಿಕೆ. ತಿಂದರೆ ಗಾಯ ಕೀವು ಕಟ್ಟುತ್ತದೆ ಎನ್ನುತ್ತಾರೆ. ನಾನು ಒಂದೊಂದೇ ಕೇಳಿದೆ. ಬಂಗುಡೆ ಮೀನು ತಿನ್ನಬಹುದಾ, ಬದನೆ ಆಗ್ತದಾ, ಹಲಸು, ಸಿಗಡಿ, ಕೆಸು? ಡಾಕ್ಟರು ನಕ್ಕು, "ಎಲ್ಲ ತಿನ್ನಿ ಅಮ್ಮ. ಬಿಸಿಲು ಮಾತ್ರ ತಾಗಬಾರದು. ಈ ಕ್ರೀಮು ಹಚ್ಚದೆ ಹೊರಗೆ ಹೋಗುದು ಬೇಡ" ಎಂದು ಒಂದು ಟ್ಯೂಬು ಕೊಟ್ಟರು.

ನಾವು ಎಂತ ಮಾಡಿದೆವು ಅಂದರೆ, ಡಾಕ್ಟರು ಬೇಡ ಎನ್ನದೆ ಇದ್ದದ್ದನ್ನೆಲ್ಲ ಬಿಟ್ಟೆವು, ಬೇಡ ಎಂದ ಒಂದನ್ನು ಮಾತ್ರ ಬಿಡಲಿಲ್ಲ. ಮೀನಿಗೆ ಪ್ರಾಣ ಬಿಡುವ ಮನುಷ್ಯ ತಿಂಗಳುಗಟ್ಟಲೆ ಹೆಸರುಕಾಳು ಗಂಜಿ ಉಂಡರು. ಅವರು ಬಿಟ್ಟದ್ದನ್ನು ನಾನು ಒಬ್ಬಳೇ ತಿನ್ನುವುದು ಹೇಗೆಂದು ನಾನೂ ಬಿಟ್ಟೆ. ಅತ್ತಿಗೆ ಬಂದು ಮನೆಯಲ್ಲಿ ಬದನೆಕಾಯಿ ಕೂಡ ಇಲ್ಲದ್ದನ್ನು ನೋಡಿ, "ಹೀಗೆ ಇರಬೇಕು ಪಥ್ಯ ಅಂದ್ರೆ" ಎಂದು ಮೆಚ್ಚಿಕೊಂಡು ಹೋದರು. ಆದರೆ ಇವರಿಗೆ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ತನ್ನ ಹಳೆಯ ಬಸ್ಸು ಹೊರಡುವುದನ್ನು ನೋಡದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಅಲ್ಲಿ ಅವರದ್ದೇ ಒಂದು ಸಿಮೆಂಟಿನ ಬೆಂಚು ಉಂಟು. ಅದರಲ್ಲಿ ಕೂತರೆ ಬೆಳಗ್ಗಿನ ಬಿಸಿಲು ನೇರ ಎಡಗೆನ್ನೆಗೆ. ಕ್ರೀಮು ಹೆಂಗಸರ ಪೌಡರಿನ ಹಾಗೆ ಕಾಣುತ್ತದೆಂದು ಹಚ್ಚುತ್ತಿರಲಿಲ್ಲ. ಎಳೆ ಬಿಸಿಲು ಮೈಗೆ ಒಳ್ಳೆಯದೆಂದು ನಾನೂ ಸುಮ್ಮನಿದ್ದೆ.

ಕೆಂಪಿದ್ದ ಕಲೆ ಕಪ್ಪಾಯಿತು. ಕೆನ್ನೆಗೆ ಮಸಿ ಮೆತ್ತಿದ ಹಾಗೆ. ಡಾಕ್ಟರು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ನಾನು ಪಥ್ಯದ ಕಥೆ ಹೇಳಿದಾಗ ಅವರಿಗೆ ಸಿಟ್ಟು ಬಂದದ್ದೂ ನಿಜ, ನಗು ಬಂದದ್ದೂ ನಿಜ. "ಅಜ್ಜ, ನಿಮ್ಮ ನಂಜು ಇರುದು ಬಂಗುಡೆಯಲ್ಲಿ ಅಲ್ಲ, ಸೂರ್ಯನಲ್ಲಿ. ಇನ್ನು ಈ ಕಪ್ಪು ಇಳಿಯುವವರೆಗೆ ಲೇಸರ್ ಹೊಡೀಲಿಕ್ಕೆ ಇಲ್ಲ" ಎಂದರು. ಅಲ್ಲಿಯವರೆಗೆ ಕಲೆಯನ್ನು ದಿನಾ ತಿಕ್ಕಬೇಕು, ತುಟಿ ಮುಂದೆ ಮಾಡಿ ಊದುವ ವ್ಯಾಯಾಮ ಮಾಡಬೇಕು ಎಂದೂ ಹೇಳಿಕೊಟ್ಟರು. ಆ ಸಂಜೆ ನಾನು ಬಂಗುಡೆ ತಂದು ಖಾರ ಹಾಕಿ ಗಸಿ ಮಾಡಿದೆ. ಇಬ್ಬರೂ ಕೂತು ಉಂಡೆವು.

ಆಮೇಲಿನ ಕಾಲ ನನಗೆ ಈಗಲೂ ನೆನಪು ಮಾಡಿಕೊಳ್ಳಲು ಇಷ್ಟವಿಲ್ಲ. ಕೆಂಪು ಮುಖ ನೋಡಿಯೇ ಅತ್ತ ಮಗು ಕಪ್ಪು ಮುಖ ನೋಡಿದರೆ ಎಂತ ಆದೀತು ಎಂದು ಇವರು ಕೊಲ್ಲಮೊಗ್ರಿಗೆ ಬರುವುದನ್ನೇ ಬಿಟ್ಟರು. ನಾನೊಬ್ಬಳೇ ಹೋಗಿ ಬರುತ್ತಿದ್ದೆ. ಬಸ್ಸಿನಲ್ಲಿ ಹೊಸ ಕಂಡಕ್ಟರು, "ಎಂತ ಅಮ್ಮ, ನಮ್ಮ ಗುರುಗಳು ಈಗ ಬಸ್ಸು ಹತ್ತುದೇ ಇಲ್ಲ?" ಎಂದು ಕೇಳಿದರೆ ಏನೋ ಒಂದು ಹೇಳುತ್ತಿದ್ದೆ. ಮಗು ನಿಂತಿತು, ನಡೆಯಿತು, ಒಂದೊಂದೇ ಮಾತು ಆಡಿತು. ಅದನ್ನೆಲ್ಲ ಇವರು ನೋಡಿದ್ದು ಫೋನಿನ ವೀಡಿಯೊದಲ್ಲಿ. ನೋಡುವುದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದರು. ಗೋಡೆಗೆ ಎಡಗೆನ್ನೆ ತಾಗಿಸಿ ಕೂತು, ಬಲಗೆನ್ನೆ ಮಾತ್ರ ಕಾಣುವ ಹಾಗೆ ಫೋನು ಹಿಡಿಯುವುದು. ಮಗು ಆ ಅರ್ಧ ಮುಖಕ್ಕೆ ನಗುತ್ತಿತ್ತು, "ಅಜ್ಜ" ಎನ್ನುತ್ತಿತ್ತು.

ನನಗೆ ಸಿಟ್ಟು ಬರುತ್ತಿತ್ತು. "ನಿಮ್ಮ ಕೆನ್ನೆ ಸರಿ ಆಗುವಾಗ ಮಗು ಶಾಲೆಗೆ ಹೋಗ್ತದೆ. ಕೂಗಿದ್ರೆ ಕೂಗ್ಲಿ, ಹೋಗಿ ಎದುರು ಕೂತುಕೊಳ್ಳಿ" ಎಂದು ಎಷ್ಟು ಸಲ ಹೇಳಿದೆನೋ. "ನಿನ್ನನ್ನು ನೋಡಿ ಕೂಗಿದ್ರೆ ಗೊತ್ತಾಗ್ತಿತ್ತು" ಎಂದರು ಒಮ್ಮೆ.

ಹಾಗಾಗಿ ನಾನು ಬಿಸಿಲಿನ ಹಿಂದೆ ಬಿದ್ದೆ. ಹೊರಗೆ ಕಾಲಿಡುವ ಮೊದಲು ಕ್ರೀಮು ನಾನೇ ಹಚ್ಚುತ್ತಿದ್ದೆ. ಯಕ್ಷಗಾನದ ಆಟಕ್ಕೆ ವೇಷ ಕಟ್ಟಿದವರ ಹಾಗೆ ಕೆನ್ನೆ ಬೆಳ್ಳಗೆ ಮಾಡಿಕೊಂಡು, ಒಣ ಬಿಸಿಲಿಗೆ ಕೊಡೆ ಬಿಡಿಸಿಕೊಂಡು ಇವರು ಬಸ್‌ಸ್ಟ್ಯಾಂಡಿಗೆ ಹೋದರೆ, "ಎಂತ ಮಾರಾಯ್ರೆ, ಇವತ್ತು ಯಾವ ಆಟ?" ಎಂದು ಹಳೆಯ ಡ್ರೈವರುಗಳು ಕೇಳುತ್ತಿದ್ದರಂತೆ. ಬೆಂಚು ಬದಲಾಯಿಸಿ ನೆರಳಿನ ಕಡೆಗೆ ಕೂತರು. ಕಪ್ಪು ಇಳಿಯಿತು. ಡಾಕ್ಟರು ಪುನಃ ಶುರು ಮಾಡಿದರು. ಪ್ರತಿ ಸಲ ಕೆನ್ನೆ ಊದುವುದು, ಸಣ್ಣ ಸಣ್ಣ ಚುಕ್ಕಿ ಹಕ್ಕಳೆ ಕಟ್ಟುವುದು, ಉದುರುವುದು, ಒಳಗಿನಿಂದ ಸ್ವಲ್ಪ ಮೆತ್ತಗಿನ ಚರ್ಮ ಕಾಣುವುದು. ಹಗ್ಗದಷ್ಟು ದಪ್ಪ ಇದ್ದದ್ದು ತಗ್ಗುತ್ತಾ ಬಂತು. ಆದರೆ ಹೋಗಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ಕನ್ನಡಿಯಲ್ಲಿ ನೋಡಿಕೊಂಡು ಇವರು, "ಇನ್ನೂ ಉಂಟು" ಎನ್ನುವುದು, ನಾನು, "ಆದ್ರೂ ಕಮ್ಮಿ" ಎನ್ನುವುದು, ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೆ ಮಗಳೇ ಒಂದು ದಿನ ಫೋನಿನಲ್ಲಿ ಹೇಳಿದಳು. "ಅಪ್ಪ, ಅವಳು ಫೋನು ಹಿಂದೆ ಮುಂದೆ ಮಾಡಿ ನಿಮ್ಮ ಆಚೆ ಕೆನ್ನೆ ಹುಡುಕ್ತಾಳೆ. ಸಾಕು, ಬನ್ನಿ." ಇವರು ಒಳಗೆ ಹೋಗಿ ಅಂಗಿಗೆ ಇಸ್ತ್ರಿ ಹಾಕಿದರು.

ಮಗುವಿಗೆ ಆಗ ಎರಡು ತುಂಬಿತ್ತು. ನಾವು ಹೋಗಿ ಜಗಲಿಯಲ್ಲಿ ಕೂತಾಗ ಅದು ಮಗಳ ಹಿಂದೆ ನಿಂತು ನೋಡುತ್ತಿತ್ತು. ಇವರು ಫೋನಿನ ಅಭ್ಯಾಸದಲ್ಲೇ ಗೋಡೆಗೆ ಎಡಗೆನ್ನೆ ಕೊಟ್ಟು, ಬಲಗೆನ್ನೆ ಮಾತ್ರ ತೋರಿಸಿ ಕೂತಿದ್ದರು. ಮಗು ಮೆಲ್ಲ ಬಂತು. ತೊಡೆ ಹಿಡಿದು ಹತ್ತಿ, ಎರಡೂ ಕೈಯಲ್ಲಿ ಗಲ್ಲ ಹಿಡಿದು, ಮುಖವನ್ನು ತನ್ನ ಕಡೆಗೆ ತಿರುಗಿಸಿತು. ಎಡಗೆನ್ನೆಯನ್ನು ನೋಡಿತು. ಇವರು ಕಣ್ಣು ಮುಚ್ಚಿಕೊಂಡರು. ಅಳುವಿಗೆ ನಾನೂ ಕಾದೆ. ಮಗು ಅಳಲಿಲ್ಲ. ನೋಡುವಷ್ಟು ನೋಡಿ, ಇಳಿದು, ಬೆಕ್ಕಿನ ಮರಿಯ ಹಿಂದೆ ಅಂಗಳಕ್ಕೆ ಓಡಿತು.

ಅಷ್ಟೇ. ಇವರು ಕಣ್ಣು ತೆರೆದು, "ಹೋಯ್ತಾ?" ಎಂದರು. ಅಳದಿದ್ದದ್ದು ದೊಡ್ಡದೇ. ಆದರೆ ಹತ್ತಿರ ಉಳಿಯಲೂ ಇಲ್ಲ. ಮತ್ತೆ ಆ ದಿನ ಇಡೀ ಮಗು ಇವರ ಎದುರಿನಿಂದ ಹೋಗಿ ಬಂದು ಮಾಡಿತು, ಮನೆಗೆ ಬಂದ ಯಾರೋ ಒಬ್ಬರನ್ನು ನೋಡುವ ಹಾಗೆ ನೋಡಿತು. ಇವರ ಮುಖದಲ್ಲಿ ಸಮಾಧಾನ ಇರಲಿಲ್ಲ, ದುಃಖ ಎಂದು ಹೇಳಿಕೊಳ್ಳಲಿಕ್ಕೂ ಆಗದು.

ಮಾರನೆಯ ದಿನ ಮಧ್ಯಾಹ್ನ ಊಟವಾಗಿ ಕೂತಿದ್ದಾಗ ಮಗು ಒರಟು ಮುರಕಲ್ಲಿನ ಮೆಟ್ಟಿಲಲ್ಲಿ ಎಡವಿ ಬಿತ್ತು. ಹತ್ತಿರ ಇದ್ದವಳು ನಾನು. ಆದರೆ ನಾನು ಏಳುವ ಮೊದಲೇ ಇವರು ಎದ್ದು ಎತ್ತಿಕೊಂಡಾಗಿತ್ತು. ಮೊಣಕಾಲು ತರಚಿ ರಕ್ತ ಜಿನುಗುತ್ತಿತ್ತು, ಮಗು ಬಾಯಿಬಿಟ್ಟು ಅಳುತ್ತಿತ್ತು. ಇವರು ಮೆಟ್ಟಿಲ ಮೇಲೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟು, ಯೋಚಿಸದೆಯೇ ತುಟಿ ಮುಂದೆ ಮಾಡಿದರು.

"ಪುತ್ತೂರು." ಊದಿದರು. ಗಾಳಿ ನೇರ ಹೋಗಿ ಗಾಯಕ್ಕೆ ತಾಗಿತು. "ನರಿಮೊಗರು." ಮಗುವಿನ ಅಳು ತಗ್ಗಿತು. "ಸವಣೂರು." ಮಗು ಬಿಕ್ಕುತ್ತಾ ಇವರ ಬಾಯಿಯನ್ನೇ ನೋಡತೊಡಗಿತು. "ಕಾಣಿಯೂರು. ನಿಂತಿಕಲ್ಲು." ಆಮೇಲೆ ಮಗುವೇ ಹೇಳಿತು. "ಪಂದ."

ಇವರು ಊದುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ತಲೆ ಅಲ್ಲಾಡಿಸಿದೆ, ನಾನು ಕಲಿಸಿದ್ದಲ್ಲ. ಸಣ್ಣ ದನಿಯಲ್ಲಿ ಇವರು, "ಸುಬ್ರಹ್ಮಣ್ಯ" ಎಂದರು. ಮಗು ತಪ್ಪು ತಿದ್ದುವ ಹಾಗೆ ತಲೆಯಾಡಿಸಿ, "ಕೊಲ್ಲಮೊಗ್ಗು" ಎಂದಿತು.

ಮಗಳು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತಿದ್ದಳು. "ಅದು ನಾನು ಸೇರಿಸಿದ್ದು ಅಪ್ಪ" ಎಂದಳು. "ಬಸ್ಸು ಸುಬ್ರಹ್ಮಣ್ಯದಲ್ಲೇ ನಿಂತ್ರೆ ಇವಳು ಮನೆಗೆ ಬರುದು ಹೇಗೆ? ಬಿದ್ದಾಗೆಲ್ಲ ನಿಮ್ಮ ಮಂತ್ರವೇ. ಸಿಳ್ಳೆ ಮಾತ್ರ ನಂಗೆ ಬರುದಿಲ್ಲ. ಅದು ಅಜ್ಜ ಬಂದು ಹೊಡೀತಾರೆ ಅಂತ ಹೇಳಿಟ್ಟಿದ್ದೇನೆ."

ಮಗು ಇವರ ಬಾಯಿ ನೋಡುತ್ತಾ ಕಾಯುತ್ತಿತ್ತು. ತೊಟ್ಟಿಲಲ್ಲಿ ಮಲಗಿ ನೋಡುತ್ತಿದ್ದ ಅದೇ ನೋಟ. ಇವರು ತುಟಿ ಒದ್ದೆ ಮಾಡಿಕೊಂಡರು. ಮೊದಲ ಸಲ ಬರೀ ಗಾಳಿ ಬಂತು. ಇನ್ನೊಮ್ಮೆ ತುಟಿ ಕೂಡಿಸಿದರು. ತೆಳ್ಳಗೆ, ಅಂಚಿನಲ್ಲಿ ಸ್ವಲ್ಪ ಒಡೆದು, ಸಿಳ್ಳೆ ಬಂತು. ಬಸ್ಸು ನಿಲ್ಲಿಸುವಷ್ಟು ಗಟ್ಟಿ ಅಲ್ಲ. ಮಗುವಿಗೆ ಸಾಕಾಯಿತು. ಮೊಣಕಾಲು ನೋಡಿಕೊಂಡು, ನೋವು ಇಳಿಯಿತು ಎಂದು ಒಪ್ಪಿಕೊಂಡಿತು.

ನನಗೆ ಅಳು ಬಂತು. ಬರುವುದನ್ನು ತಡೆಯಲೂ ಇಲ್ಲ.

ಮಗು ತೊಡೆಯಿಂದ ಇಳಿಯಲಿಲ್ಲ. ಬೆರಳಿನಿಂದ ಎಡಗೆನ್ನೆಯ ಕಲೆಯನ್ನು ಮುಟ್ಟಿತು, ಮೇಲಿನಿಂದ ತುಟಿಯವರೆಗೆ ಎಳೆದು ನೋಡಿತು. "ಅಜ್ಜಂಗೂ ಗಾಯ" ಎಂದಿತು. ಮತ್ತೆ ಮುಖ ಹತ್ತಿರ ತಂದು, ಎಂಜಲು ಹಾರುವ ಹಾಗೆ, "ಪುತ್ತೂಉ" ಎಂದು ಊದಿತು. ಇವರು ಆ ಕೆನ್ನೆಯನ್ನು ಇನ್ನಷ್ಟು ಬಗ್ಗಿಸಿ ಕೊಟ್ಟರು. ಕಣ್ಣಿನಿಂದ ನೀರು ಇಳಿದು ಮಗುವಿನ ಬೆರಳು ಒದ್ದೆಯಾಯಿತು, ಮಗು ಅದನ್ನು ತನ್ನ ಲಂಗಕ್ಕೆ ಒರೆಸಿಕೊಂಡು ಮುಂದುವರಿಸಿತು.

ಮೆಟ್ಟಿಲ ಮೇಲೆ ಮಧ್ಯಾಹ್ನದ ಬಿಸಿಲು ನೇರ ಇವರ ಎಡಗೆನ್ನೆಗೆ ಬೀಳುತ್ತಿತ್ತು. ಕ್ರೀಮಿನ ಟ್ಯೂಬು ನನ್ನ ಚೀಲದಲ್ಲೇ ಇತ್ತು, ಕೊಡೆ ಬಾಗಿಲ ಹಿಂದೆ ಇತ್ತು. ಸರಿದು ಕೂತುಕೊಳ್ಳಿ ಎಂದು ನಾನು ಹೇಳಲಿಲ್ಲ. ಮಗು ಇನ್ನೂ ಸವಣೂರಿಗೆ ಮುಟ್ಟಿತ್ತಷ್ಟೆ.